ಅತ್ತೆ ತಟ್ಟಿದ ಡಿಸ್ಕು

ಕಳೆದ ಶ್ರಾವಣದ ಒಂದು ಮಧ್ಯಾಹ್ನ, ರಾಗಿಗುಡ್ಡದ ನಮ್ಮ ಮನೆಯಲ್ಲಿ ಇದು ನಡೆಯಿತು. ಓದು ಬಾರದ ತಾಯಿಗಾಗಿ ನನ್ನ ಗಂಡ ಶಿವಯೋಗಿ ಓದಿ ರೆಕಾರ್ಡ್ ಮಾಡಿಟ್ಟಿದ್ದ ಕಥೆಗಳು ಅವರ ಲಿನಕ್ಸ್ ಕಂಪ್ಯೂಟರಿನ ಒಂದು ಹಳೆಯ ಡಿಸ್ಕಿನಲ್ಲಷ್ಟೇ ಇದ್ದವು. ಅವರು ತೀರಿಹೋಗಿ ಏಳು ತಿಂಗಳಾಗಿತ್ತು. ಈಗ ಆ ಡಿಸ್ಕೂ ಕೆಡುತ್ತಿತ್ತು. ಕಥೆಗಳನ್ನು ನಕಲು ಮಾಡಿಕೊಳ್ಳಲೆಂದು ಮೈದುನ ಮಧು ಬೆಳಿಗ್ಗೆ ಹೊಸ ಡಿಸ್ಕು ಕೂರಿಸಿ, ಕಂಪ್ಯೂಟರಿನ ಡಬ್ಬಿ ಮುಚ್ಚಿ, ಭದ್ರಾವತಿಗೆ ಡ್ಯೂಟಿಗೆ ಹೋಗಿದ್ದ.

ಡಿಸ್ಕುಗಳ ಪಟ್ಟಿಯಲ್ಲಿ ಹೊಸದು ಇರಲಿಲ್ಲ. ಮತ್ತೆ ಹುಡುಕುವ ಕಮಾಂಡ್ ಕೊಟ್ಟೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಹೊಸದು ಬರಲಿಲ್ಲ. ಹಳೆಯದು ಕಟಕಟ ಎನ್ನತೊಡಗಿತು.

"ಸಿಡುಕಿದ್ರೆ ಅದು ಕೇಳಲ್ಲ ಮಾರಾಯ್ತಿ, ಶಿವಯೋಗಿ ಹಿಂಗೆ ತಟ್ತಿದ್ದ," ಎಂದು ಅತ್ತೆ ಡಬ್ಬಿ ತಟ್ಟಿ, ತಟ್ಟನೆ ಕೈ ತೆಗೆದರು. "ಇದೇನೇ, ಹೊಳೆ ನೀರಿನ ಹಂಗೆ ತಣ್ಣಗಿದೆ?"

ಮುಟ್ಟಿದೆ. ಗಂಟೆಗಟ್ಟಲೆ ಓಡಿದ ಡಬ್ಬಿ ನಿಜವಾಗಿಯೂ ತಣ್ಣಗಿತ್ತು. ಕಟಕಟ ಸದ್ದು ನಿಂತಿತ್ತು. ಪಟ್ಟಿಯಲ್ಲಿ ಹೊಸ ಡಿಸ್ಕು ಇತ್ತು.

ಎಲ್ಲ ಕಥೆಗಳೂ ನಕಲಾದವು. ಆಮೇಲೆ ಹಳೆಯ ಡಿಸ್ಕು ಪಟ್ಟಿಯಿಂದಲೇ ಹೋಯಿತು, ಮತ್ತೆ ಬರಲಿಲ್ಲ. ಹೊಸದರಿಂದ ಮೊದಲ ಕಥೆ ಹಾಕಿದೆ. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದರು. ಏಳು ತಿಂಗಳಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಸಂಜೆ ಮಧು ಫೋನ್ ಮಾಡಿದ. "ಅತ್ತಿಗೆ, ಒದ್ದಾಡ್ಬೇಡಿ, ಹೊಸ ಡಿಸ್ಕು ಕಾಣಲ್ಲ. ಅದನ್ನ ಕಂಪ್ಯೂಟರಿಗೆ ಜೋಡಿಸೋ ಡೇಟಾ ಕೇಬಲ್ ನನ್ನ ಬ್ಯಾಗಲ್ಲೇ ಉಳಿದಿದೆ. ಮಲವಗೊಪ್ಪ ದಾಟಿದೀನಿ, ತರ್ತಿದೀನಿ."

ಬಂದು ಡಬ್ಬಿ ಬಿಚ್ಚಿದ. ಹೊಸ ಡಿಸ್ಕಿಗೆ ಕರೆಂಟಿನ ವೈರು ಮಾತ್ರ ಇತ್ತು. ಕಥೆ ಇನ್ನೂ ಕೇಳಿಸುತ್ತಿತ್ತು.

"ಹಾಕ್ಲಾ ಅತ್ತಿಗೆ?" ಎಂದ, ಕೇಬಲಿನ ಪ್ಯಾಕೆಟ್ಟು ಹೊರತೆಗೆದು.

"ಬೇಡ," ಎಂದೆ.

ಆ ಕೇಬಲ್ ಇವತ್ತಿಗೂ ಪ್ಯಾಕೆಟ್ಟಿನಲ್ಲೇ ಇದೆ. ಅತ್ತೆ ದಿನವೂ ಊಟವಾದ ಮೇಲೆ ಒಂದು ಕಥೆ ಕೇಳುತ್ತಾರೆ.