ಕರೆಂಟ್ ಹೋದ ಮೇಲಿನ ನಾಲ್ಕು ನಿಮಿಷ

“ಈ ಡಿಸ್ಕಿನಲ್ಲಿ ನಮ್ಮಜ್ಜಿ ಮಾತಾಡಿದಾರೆ. ಯಾರ ಕೈಲೂ ಫೈಲು ತೆರೆಯೋಕಾಗಿಲ್ಲ. ನೀವಾದ್ರೂ...”

ಯುದೆಲ್ಕಾಳ ಮಾತು ಅಲ್ಲೇ ನಿಂತುಹೋಯಿತು. ಮೇಜಿನ ಹಿಂದೆ ಕೂತಿದ್ದವನು ತಲೆಯೆತ್ತಿದ್ದ.

ಎಲಾದಿಯೋ!

ಹದಿನೈದು ವರ್ಷ... ಕಿವಿಯ ಹತ್ತಿರ ಕೂದಲು ನರೆತಿತ್ತು. ಕಣ್ಣು ಮಾತ್ರ ಅದೇ.

‘ಔಷಧಿ ಅಂಗಡಿ ಎದುರಿಗೆ ಹಳೇ ವೀಡಿಯೊ ಸರಿಮಾಡೋನೊಬ್ಬ ಇದಾನೆ’ ಎಂದಷ್ಟೇ ಪಕ್ಕದ ಮನೆಯವಳು ಹೇಳಿದ್ದಳು. ಯಾರು ಅಂತ ಬಾಯಿ ಬಿಟ್ಟಿರಲಿಲ್ಲ, ಮಹಾತಾಯಿ! ನಮ್ಮ ಬಾನಿ ಊರಿನ ಹೆಂಗಸರು ಹೀಗೇ. ಬೇಡದ್ದನ್ನೆಲ್ಲ ಬೀದಿಗೆ ಕೇಳುವಂತೆ ಹೇಳುತ್ತಾರೆ, ಬೇಕಾದದ್ದನ್ನು ನುಂಗುತ್ತಾರೆ. ಈ ಕತೆ ಹೇಳುತ್ತಿರುವ ನಾನೂ ಅದೇ ಬೀದಿಯವಳಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

“ಓಹೋ! ನ್ಯೂಯಾರ್ಕ್ ಮೇಡಂಗೆ ನಮ್ಮೂರಿನ ದಾರಿ ಇನ್ನೂ ನೆನಪಿದೆ,” ಎಂದ ಎಲಾದಿಯೋ.

“ನಿನ್ನ ಮುಖ ನೋಡೋಕೆ ಬಂದಿಲ್ಲ ನಾನು. ಅಜ್ಜಿ ಹೋಗಿ ವರ್ಷ ಆಯ್ತು. ನಾಳೆ ಇಗರ್ಜಿಯಲ್ಲಿ ಪ್ರಾರ್ಥನೆ ಇದೆ.”

ಡಿಸ್ಕನ್ನು ಕಿತ್ತುಕೊಂಡು ಹೊರಟುಬಿಡೋಣ ಅನ್ನಿಸಿತು ಅವಳಿಗೆ. ಆದರೆ ಕಸಿಮಿರಾ ಅಜ್ಜಿಯ ದನಿ ಈ ಭೂಮಿಯ ಮೇಲೆ ಉಳಿದಿದ್ದರೆ ಈ ಡಿಸ್ಕಿನಲ್ಲಿ ಮಾತ್ರ. ಅಜ್ಜಿಯ ಟ್ರಂಕಿನಲ್ಲಿ, ಮದುವೆ ಉಡುಪಿನಷ್ಟು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದು ಸಿಕ್ಕಿತ್ತು.

‘ಅಜ್ಜಿಗೋಸ್ಕರ... ಅಷ್ಟೇ!’ ಅಂದುಕೊಂಡು ಕುರ್ಚಿ ಎಳೆದು ಕೂತಳು.

ಎಲಾದಿಯೋ ಡಿಸ್ಕಿನ ಮೇಲಿದ್ದ ತಾರೀಖು ನೋಡಿದ. ಅವನದೇ ಕೈಬರಹ. ಅವನ ಮುಖ ಬಿಳಿಚಿಕೊಂಡಿತು.

ಆ ತಾರೀಖು ಅವಳಿಗೂ ಬಾಯಿಪಾಠವಾಗಿತ್ತು. ಆವತ್ತು ಅಜ್ಜಿಯೂ ಕ್ಯಾಮರಾದ ಮುಂದೆ ಕೂತಿದ್ದಳು.

ಆ ಕಾಲಕ್ಕೆ ಎಲಾದಿಯೋದು ಇಂಟರ್‌ನೆಟ್ ಅಂಗಡಿ. ಪ್ರತಿ ಭಾನುವಾರ ಊರಿನವರು ಅಲ್ಲಿ ಕ್ಯಾಮರಾದ ಮುಂದೆ ಕೂತು, ನ್ಯೂಯಾರ್ಕಿನಲ್ಲಿದ್ದ ತಮ್ಮವರ ಜೊತೆ ಮಾತಾಡುತ್ತಿದ್ದರು. ಅದು ನೇರವಾಗಿ ಅಲ್ಲಿಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು; ಅಲ್ಲಿಯವರ ಉತ್ತರ ಆಮೇಲೆ ಫೋನಿನಲ್ಲಿ. ಅಂಗೈಯಗಲದ ಮಸುಕು ಚಿತ್ರ, ಆದರೂ ಜನ ಕಣ್ಣೊರೆಸಿಕೊಂಡು ನೋಡುತ್ತಿದ್ದರು.

ಯುದೆಲ್ಕಾಗೆ ಆಗ ಇಪ್ಪತ್ತು. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ನೋರಿಸ್ ಅತ್ತೆಯ ಮನೆ ಸೇರಿ ಆರು ತಿಂಗಳಾಗಿತ್ತು. ಎಲಾದಿಯೋ ಅಲ್ಲಿಗೇ ಬರುವುದೆಂದು ಮಾತಾಗಿತ್ತು. ‘ಈ ಭಾನುವಾರ ಎಲ್ಲರ ಎದುರಿಗೇ ಒಂದು ಮಾತು ಕೇಳ್ತೀನಿ’ ಎಂದಿದ್ದ. ಅತ್ತೆ ಹದಿನೆಂಟು ಜನರನ್ನು ಊಟಕ್ಕೆ ಕರೆದಿದ್ದಳು!

ಅಷ್ಟು ಜನರ ಮುಂದೆ ಅವನು ಹೇಳಿದ್ದೇನು?

‘ಯುದೆಲ್ಕಾ, ನನಗೋಸ್ಕರ ಕಾಯಬೇಡ. ನಾನು ಅಲ್ಲಿಗೆ ಬರಲ್ಲ.’

ಅಷ್ಟೇ. ಚಿತ್ರ ನಿಂತುಹೋಯಿತು. ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವಳ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಆಮೇಲೆ ಅಜ್ಜಿ ಫೋನ್ ಮಾಡಿದಾಗಲೆಲ್ಲ ‘ಅವನ ಹೆಸರೆತ್ತಿದ್ರೆ ಫೋನ್ ಇಡ್ತೀನಿ’ ಎಂದಳು. ಅಜ್ಜಿ ಎತ್ತಲಿಲ್ಲ. ಯುದೆಲ್ಕಾ ಬೇರೆಯವನನ್ನು ಮದುವೆಯಾದಳು, ಮೂರು ವರ್ಷಕ್ಕೆ ಅದನ್ನೂ ಬಿಟ್ಟಳು. ಯಾರನ್ನೂ ನಂಬಲು ಅವಳಿಂದ ಆಗಲೇ ಇಲ್ಲ.

“ಇದು ಆವತ್ತೂ ತೆರೆದಿರಲಿಲ್ಲ,” ಎಂದ ಎಲಾದಿಯೋ, ತೆರೆಯಿಂದ ಕಣ್ಣು ಕೀಳದೆ. “ಆದ್ರೂ ನಿಮ್ಮಜ್ಜಿ ಡೋನ್ಯಾ ಕಸಿಮಿರಾ ಬಿಡಲಿಲ್ಲ. ಹಾಗೇ ಡಿಸ್ಕಿಗೆ ಬರೆದುಕೊಡು ಅಂದ್ರು.”

“ಯಾಕೆ ತೆರೆಯಲ್ಲ?”

“ಇದು ನೇರಪ್ರಸಾರ ಆಗ್ತಾ ಆಗ್ತಾನೇ ಬರ್ಕೊಂಡು ಹೋಗೋ ಹಳೇ ನಮೂನೆ. ಎಲ್ಲಾ ಮುಗಿದ ಮೇಲೆ ವಾಪಸ್ ಮೊದಲಿಗೆ ಬಂದು, ಒಳಗೆ ಎಷ್ಟು ನಿಮಿಷ ಇದೆ ಅಂತ ಬರೀಬೇಕು. ಅಷ್ಟರಲ್ಲಿ ಕಂಪ್ಯೂಟರ್ ಸತ್ತೋಯ್ತು. ಮೊದಲಲ್ಲಿ ಸೊನ್ನೆ ಉಳೀತು. ಪ್ಲೇಯರ್ ಆ ಸೊನ್ನೆ ನೋಡಿ, ಒಳಗೆ ಏನೂ ಇಲ್ಲ ಅಂತ ಬಾಗಿಲು ಹಾಕ್ಕೊಳುತ್ತೆ.”

“ಈಗ?”

“ಆ ಸೊನ್ನೆ ನಂಬದೆ ಒಂದೊಂದು ತುಂಡೂ ಓದಿಸ್ತೀನಿ. ಸಿಕ್ಕಿದ್ದನ್ನ ನಿನ್ನ ಫೋನಿನಲ್ಲಿ ಓಡೋ ಹಾಗೆ ಬದಲಾಯಿಸಿಕೊಡ್ತೀನಿ. ಆಮೇಲೆ ನೀನು ಹೋಗಬಹುದು.”

‘ಹೋಗಬಹುದಂತೆ! ಇವನು ಅಪ್ಪಣೆ ಕೊಡಬೇಕಾ?’ ಯುದೆಲ್ಕಾಗೆ ಮೈಯೆಲ್ಲ ಉರಿಯಿತು.

ಅರ್ಧ ಗಂಟೆ ಅವನು ಕೀಬೋರ್ಡು ಕುಟ್ಟಿದ. ಆಮೇಲೆ ತೆರೆಯ ಮೇಲೆ ಅಜ್ಜಿ ಕಂಡಳು.

“ಅಜ್ಜೀ...!”

ಹೂವಿನ ಅಂಗಿ. ಪಕ್ಕದ ಫ್ಯಾನಿನ ಗಾಳಿಗೆ ಬಿಳಿ ಕೂದಲು ಹಾರಾಡುತ್ತಿತ್ತು. ಅಜ್ಜಿಯ ಪಕ್ಕ ಇಪ್ಪತ್ಮೂರರ ಎಲಾದಿಯೋ, ಗಂಟಲು ಸರಿಮಾಡಿಕೊಳ್ಳುತ್ತಿದ್ದ.

“ಯುದೆಲ್ಕಾ, ನನಗೋಸ್ಕರ ಕಾಯಬೇಡ. ನಾನು ಅಲ್ಲಿಗೆ ಬರಲ್ಲ...”

“ನಿಲ್ಸು!” ಅವಳು ಚೀರಿದಳು. “ಒಂದು ಸಲ ಕೊಂದಿದ್ದು ಸಾಲದಾ ನಿಂಗೆ?”

ಅವನ ಕೈ ಮೌಸಿನತ್ತ ಹೋಗುವಷ್ಟರಲ್ಲಿ, ವೀಡಿಯೊದೊಳಗೆ ಇಡೀ ಬೀದಿ ಒಟ್ಟಿಗೆ ಕೂಗಿತು.

“ಕರೆಂಟ್ ಹೋಯ್ತೂ!”

ಕೋಣೆ ಮಬ್ಬಾಯಿತು. ಆದರೆ ಚಿತ್ರ ನಿಲ್ಲಲಿಲ್ಲ. ಆ ಹುಡುಗ ಮಾತಾಡುತ್ತಲೇ ಇದ್ದ.

“...ಯಾಕಂದ್ರೆ ನೀನು ಅಲ್ಲಿ ದಿನಾ ಅಳ್ತೀಯ ಅಂತ ಅಜ್ಜಿ ಹೇಳಿದ್ರು. ನೀನೇ ಬಂದ್ಬಿಡು. ಶಾಲೆ ಹಿಂದೆ ಎರಡು ಕೋಣೆ ಮನೆ ಹಿಡಿದಿದೀನಿ, ಹಿತ್ತಲಲ್ಲಿ ಮಾವಿನ ಮರ ಇದೆ. ನನ್ನ ಮದುವೆ ಆಗ್ತೀಯಾ?”

ಯುದೆಲ್ಕಾ ತೆರೆಯ ಹತ್ತಿರಕ್ಕೆ ಬಗ್ಗಿದಳು.

“ಇದು... ಇದು ನಂಗೆ ಬರ್ಲಿಲ್ಲ.”

“ಬರ್ಲಿಲ್ಲ ಅಂದ್ರೆ?”

“‘ಅಲ್ಲಿಗೆ ಬರಲ್ಲ’ ಅಂದೆ. ಅಲ್ಲಿಗೇ ನಿಂತುಹೋಯ್ತು. ಅಷ್ಟೇ ಕಣೋ ನಾನು ಕೇಳಿದ್ದು!”

“ಸಾಧ್ಯಾನೇ ಇಲ್ಲ! ಇನ್ವರ್ಟರ್ ಇತ್ತು. ಕಂಪ್ಯೂಟರ್, ಕ್ಯಾಮರಾ, ಮೋಡೆಮ್, ಮೂರೂ ಅದಕ್ಕೇ...”

ಅವನ ಕಣ್ಣು ತೆರೆಯ ಮೇಲೆ ನಿಂತಿತು. ಕರೆಂಟಿಲ್ಲದ ಕೋಣೆಯಲ್ಲಿ ಅಜ್ಜಿಯ ಕೂದಲು ಇನ್ನೂ ಹಾರಾಡುತ್ತಿತ್ತು.

“ಅಯ್ಯೋ ದೇವರೇ... ಫ್ಯಾನು!”

“ಏನಾಯ್ತು?”

“ಅಜ್ಜಿ ಬೆವೆತುಹೋಗಿದ್ರು. ಇನ್ವರ್ಟರಿಂದ ಮೋಡೆಮ್ ಕಿತ್ತು ಗೋಡೆ ಪ್ಲಗ್ಗಿಗೆ ಹಾಕ್ದೆ, ಆ ಜಾಗಕ್ಕೆ ಫ್ಯಾನ್ ಚುಚ್ಚಿದೆ. ಭಾನುವಾರ ಮಧ್ಯಾಹ್ನ ಎಲ್ಲಿ ಕರೆಂಟ್ ಹೋಗುತ್ತೆ ಅಂದ್ಕೊಂಡೆ! ಮೋಡೆಮ್ ಸತ್ತು ಇಂಟರ್‌ನೆಟ್ ಕಡಿದಿದ್ದು ಗೊತ್ತೇ ಆಗ್ಲಿಲ್ಲ. ನಾಲ್ಕು ನಿಮಿಷಕ್ಕೆ ಬ್ಯಾಟರಿನೂ ಮುಗೀತು. ಅಲ್ಲೀವರೆಗೂ ಎಲ್ಲಾ ನಿಂಗೆ ತಲುಪಿದೆ ಅಂತ...” ಅವನು ಅವಳ ಕಡೆ ತಿರುಗಿದ. “ಮೂರು ಸಲ ಫೋನ್ ಮಾಡ್ದೆ ಯುದೆಲ್ಕಾ. ‘ಅವಳು ಕಿವಿಯಾರೆ ಕೇಳಿದಾಳೆ, ಇನ್ನು ಅವಳ ತಂಟೆಗೆ ಬರಬೇಡ’ ಅಂದ್ರು ನಿಮ್ಮತ್ತೆ. ನಾನು ಮದುವೆ ಆಗ್ತೀಯಾ ಅಂತ ಕೇಳಿದ್ದನ್ನ ಕೇಳ್ಕೊಂಡೂ ಬೇಡ ಅಂದಳಲ್ಲ ಅಂತ... ಮತ್ತೆ ಯಾರನ್ನೂ ಕೇಳೋ ಧೈರ್ಯ ಬರ್ಲಿಲ್ಲ ನಂಗೆ.”

‘ಮೋಸ ಹೋದವಳು ನಾನೊಬ್ಬಳೇ ಅಂದುಕೊಂಡಿದ್ದೆನಲ್ಲ...’ ಹದಿನೈದು ವರ್ಷದ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ಕಣ್ಣಿಂದ ಸುರಿಯಿತು.

ಅಷ್ಟರಲ್ಲಿ ತೆರೆಯ ಮೇಲಿದ್ದ ಅಜ್ಜಿ ಕ್ಯಾಮರಾಗೆ ಮೂಗು ತಾಗುವಷ್ಟು ಮುಂದೆ ಬಗ್ಗಿದಳು.

“ಲೇ ಹುಡುಗಿ, ಹೂಂ ಅಂದ್ಬಿಡೇ ಬೇಗ! ಮೂರು ದಿನದಿಂದ ಊಟ ಬಿಟ್ಟು ನನ್ನ ತಲೆ ತಿಂತಿದಾನೆ ಇವನು. ಒಳ್ಳೇ ಹುಡುಗ ಕಣೇ. ಎಲ್ಲಾ ಕೆಲಸ ಬಿಟ್ಟು ಮೊದಲು ಈ ಮುದುಕಿಗೆ ಗಾಳಿ ಹಾಕಿದ!”

ಚಿತ್ರ ಕತ್ತಲಾಯಿತು. ಫೈಲು ಅಲ್ಲಿಗೆ ಮುಗಿದಿತ್ತು.

ಯುದೆಲ್ಕಾ ಅಳುತ್ತಲೇ ನಕ್ಕಳು. ಎಲಾದಿಯೋ ಏನೂ ಮಾಡಲು ತೋಚದೆ ಕರವಸ್ತ್ರ ಹುಡುಕಿದ, ಸಿಗಲಿಲ್ಲ, ತೆರೆ ಒರೆಸುವ ಬಟ್ಟೆಯನ್ನೇ ಚಾಚಿದ. ಅವಳು ಅದನ್ನೇ ತೆಗೆದುಕೊಂಡಳು.

“ಆ ಮನೆ... ಯಾರಿಗೆ ಕೊಟ್ಟೆ?”

“ಯಾರಿಗೂ ಇಲ್ಲ. ನಾನೇ ಇದೀನಿ.”

“ಮಾವಿನ ಮರ?”

“ಈ ವರ್ಷ ಕೊಂಬೆ ಮುರಿಯೋ ಹಾಗೆ ಬಿಟ್ಟಿದೆ. ಒಬ್ಬನೇ ಎಷ್ಟು ಅಂತ ತಿನ್ನಲಿ?”

ಹೊರಗೆ ಬೀದಿಯುದ್ದಕ್ಕೂ ಕೂಗು ಎದ್ದಿತು. “ಕರೆಂಟ್ ಹೋಯ್ತೂ!”

ಎಲಾದಿಯೋ ಗಾಬರಿಯಿಂದ ಪ್ಲಗ್ಗುಗಳ ಕಡೆ ಎದ್ದ. ಅವಳು ಅವನ ಮಣಿಕಟ್ಟು ಹಿಡಿದು ಕೂರಿಸಿದಳು.

“ಏನನ್ನೂ ಕೀಳಬೇಡ. ಕೂತ್ಕೋ. ಈ ಸಲ ನಾನು ಪೂರ್ತಿ ಕೇಳಿಸ್ಕೊಂಡಿದೀನಿ.”

“ಹಾಗಾದ್ರೆ...?”

“ನಾಳೆ ಪ್ರಾರ್ಥನೆ ಮುಗಿದ ಮೇಲೆ ನಿನ್ನ ಜೊತೆಗೇ ಅಜ್ಜಿ ಸಮಾಧಿ ಹತ್ರ ಹೋಗಿ ಹೇಳ್ತೀನಿ.”

“ಏನಂತ?”

“ಹೂಂ ಅಂತ ಕಣೋ, ದಡ್ಡ! ಹೂಂ ಅಂತ!”