ಹಳೆಯ ಹೆಸರಿಗೆ ಬರುವ ಮಳೆ

ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಎಸ್ಟೇಟುಗಳ ಮಳೆ ದಾಖಲಿಸಲು ಗೆಳೆಯ ಕುಮಾರ್ ಬರೆದು, ಯಾರು ಬೇಕಾದರೂ ತಿದ್ದಿ ಬಳಸಲಿ ಎಂದು ಬಿಟ್ಟ ಪ್ರೋಗ್ರಾಮನ್ನು ಅವನು ಸತ್ತ ಮೇಲೆ ಆಲೂರಿನಲ್ಲಿ ಕೂತು ನೋಡಿಕೊಳ್ಳುತ್ತಿರುವವನು ನಾನು.

ಜೂನ್‌ನಲ್ಲಿ ಅದನ್ನು ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ ಮಳೆಯ ಅಂಕಿ ಹಿಡಿದಿಡಲು ಅವನಿಟ್ಟಿದ್ದ ಒಂದು ವೇರಿಯಬಲ್‌ನ ಹೆಸರು ಬದಲಿಸಿದೆ. ಅದಕ್ಕೆ ಅಂಕಿ ತುಂಬುವುದು ಹೊರಗಿನಿಂದ ಪ್ರೋಗ್ರಾಮನ್ನು ಬಳಸುವವರು ಎಂಬುದನ್ನೇ ಮರೆತಿದ್ದೆ. ಎಸ್ಟೇಟಿನವರ ಕೋಡೆಲ್ಲ ಹಳೆಯ ಹೆಸರಿಗೇ ತುಂಬುತ್ತಿತ್ತು. ಹೆತ್ತೂರಿನ ಜಡಿಮಳೆ ಕೂಡ ಸೊನ್ನೆ ಎಂದು ಬಂತು.

ಹಳೆಯ ಹೆಸರು ಬಳಸುವವರನ್ನು ತೋರಿಸುವ ಎಚ್ಚರಿಕೆಯೊಂದನ್ನು ಸೇರಿಸಿ, ಒಬ್ಬೊಬ್ಬರದಾಗಿ ಸರಿಪಡಿಸುತ್ತ ಬಂದೆ. ಕೊನೆಗೆ ಒಂದು ಉಳಿಯಿತು. ದಿನಾ ಬೆಳಿಗ್ಗೆ ಎಂಟಕ್ಕೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳು ಮಳೆ ಅಳೆಯುವ ಹೊತ್ತಿಗೆ ಸರಿಯಾಗಿ: ‘ಕುಮಾರ್, ಮಗ್ಗೆ’. ಅವನ ಕಂಪ್ಯೂಟರ್ ಇರುವುದು ನನ್ನ ಬೀರುವಿನಲ್ಲಿ. ಅದರ ಡಿಸ್ಕನ್ನೂ ಬಿಚ್ಚಿಟ್ಟಿದ್ದೇನೆ.

ಯಾರಾದರೂ ಅವನ ಹೆಸರಿನಲ್ಲಿ ಅಳೆದು ಕಳಿಸುತ್ತಿರಬಹುದೆಂದು ಅವನ ಊರು ಮಗ್ಗೆಗೆ ಹೋಗಿ, ಅವನು ಮಳೆ ಅಳೆಯುತ್ತಿದ್ದ ಗಾಜಿನ ಕೊಳವೆ ಈಗ ಯಾರ ಹತ್ತಿರ ಇದೆ ಎಂದು ಅವನ ತಾಯಿ ಸುಲೋಚನಮ್ಮನವರನ್ನು ಕೇಳಿದೆ.

“ಅವ್ನ ತೊಡೆ ಮೇಲೇ ಇಟ್ಟು ಮಣ್ಣು ಮಾಡ್ಬುಟ್ವಲ್ಲಪ್ಪ, ನೀನೂ ಇದ್ದೆ,” ಎಂದರು. “ಯಾಕಪ್ಪ, ಏನಾದ್ರೂ ಕೇಳಿದ್ನ?”

ಅಂದೇ ಹಳೆಯ ಹೆಸರನ್ನು ಬೇರುಸಹಿತ ಅಳಿಸಿದೆ. ಆದರೂ ಅವನ ಅಂಕಿ ಬರುವುದು ನಿಂತಿಲ್ಲ. ಇನ್ನು ಅಳಿಸಲು ನನ್ನ ಬಳಿ ಏನೂ ಉಳಿದಿಲ್ಲ.

ಮಳೆ ಬಿಟ್ಟು ನಾಲ್ಕು ದಿನವಾಯಿತು, ಎಲ್ಲರದೂ ಸೊನ್ನೆ. ಅವನದು ಮಾತ್ರ ದಿನಕ್ಕಿಷ್ಟು ಏರುತ್ತಿದೆ. ಆ ಕೊಳವೆ ನೂರು ಸೆಂಟಿಗೆ, ಅಂದರೆ ಒಂದು ಇಂಚು ಮಳೆಗೆ, ತುಂಬುತ್ತದೆ. ಇವತ್ತು ತೊಂಬತ್ತೇಳು.