ಸಿಂಪಿಯ ಮೊಟ್ಟೆದೋಸೆ ಮತ್ತು ಮೂರು ಬಟ್ಟಲು

ಹಾಯಿಹಡಗುಗಳು ಗಾಳಿಯ ಅಪ್ಪಣೆ ಕೇಳಿ ಹೊರಡುತ್ತಿದ್ದ ಕಾಲ. ಚೀಣದ ಕಡಲಂಚಿನಲ್ಲಿ ಮೂರು ಬಂದರುಗಳ ಒಂದು ರಾಜ್ಯವಿತ್ತು. ಮೂರರಲ್ಲೂ ಒಂದೇ ತಿಂಡಿ: ಚಿಪ್ಪಿನೊಳಗಿನ ಸಿಂಪಿಯ ಮಾಂಸ, ಗೆಣಸಿನ ಹಿಟ್ಟು, ಬಾತುಕೋಳಿಯ ಮೊಟ್ಟೆ ಸೇರಿಸಿ ಕಾವಲಿಗೆ ಹುಯ್ದ ದೋಸೆ. ಮೂರು ಕಡೆ ಮೂರು ರುಚಿ. ತಮ್ಮದೇ ಅಸಲಿ ಎಂದು ಎಲ್ಲರೂ ಹೇಳುತ್ತಿದ್ದರು. ಸರಕು ಇರುವಲ್ಲಿ ಆ ಮಾತು ಇದ್ದದ್ದೇ.

ಅಲ್ಲಿಯ ಕರಿಬಂಡೆಯ ಮೇಲೆ ಉಪ್ಪುಗಡ್ಡದ ಮಾಂತ್ರಿಕನಿದ್ದ. ಅಡುಗೆಯವರನ್ನು ಕರೆಸಿ, "ಅಸಲಿ ದೋಸೆ ಮಾಡು. ಮಾಡಿದರೆ ಹಿಡಿದಿಟ್ಟವರನ್ನೆಲ್ಲ ಬಿಡುತ್ತೇನೆ" ಎನ್ನುತ್ತಿದ್ದ. ತಿಂದು "ಇದಲ್ಲ" ಎಂದು ಅವರನ್ನೇ ಸಿಂಪಿ ಮಾಡಿ ಬಂಡೆಗೆ ಅಂಟಿಸುತ್ತಿದ್ದ. ಅವನಿಗಿದ್ದ ಕಟ್ಟು ಒಂದೇ. ರುಚಿಯ ವಿಷಯದಲ್ಲಿ ಸುಳ್ಳಾಡಿದರೆ ಮಂತ್ರವೆಲ್ಲ ಹೋಗುತ್ತಿತ್ತು.

ಬಡಗಣ ಬಂದರಿನ ಗಿಯೋಕ್ ಒಳ್ಳೆಯ ಅಡುಗೆಯವಳು. ಅವಳೂ ಹೋಗಿ ಬಂಡೆಗೆ ಅಂಟಿದಳು. ಅವಳ ತಮ್ಮ ಬೂನ್ ಅಕ್ಕನ ಕಾವಲಿಯನ್ನು ಬೆನ್ನಿಗೆ ಕಟ್ಟಿಕೊಂಡು, ಜೋಳಿಗೆಯಲ್ಲಿ ಅಡುಗೆ ಸಾಮಾನು ತುಂಬಿಕೊಂಡು ಹೊರಟ.

ಮಾಂತ್ರಿಕನ ಒಲೆಯ ಮೇಲೆ ಮೂರು ಬಂದರುಗಳ ಮೂರು ಕಾವಲು ಪ್ರಾಣಿಗಳು ಕೊಟ್ಟ ಪದಾರ್ಥ ಮಾತ್ರ ಬೇಯುತ್ತಿತ್ತು. ಬಡಗಣ ಬಂದರಿನಲ್ಲಿ ಸಿಂಪಿ ಕಾಯುತ್ತಿದ್ದದ್ದು ಗುಡಿಸಲಿನಷ್ಟು ದೊಡ್ಡ ಏಡಿ. "ತಿನ್ನಿಸು, ಕೊಡುತ್ತೇನೆ" ಎಂದಿತು. ಬೂನ್ ತನ್ನೂರಿನಂತೆ ಗರಿಗರಿಯಾಗಿ ಹುರಿದು, ಉಪ್ಪಿಗೆ ಹಾಕಿದ ಮೀನಿನ ರಸದ ಜೊತೆ ಕೊಟ್ಟ. ಏಡಿ ಸಿಂಪಿ ಕೊಟ್ಟಿತು.

ದ್ವೀಪದ ಬಂದರಿನಲ್ಲಿ ಗೆಣಸಿನ ಹಿಟ್ಟು ಕಾಯುತ್ತಿದ್ದದ್ದು ಕಾಡುಹಂದಿ. ಅದಕ್ಕೂ ಅದೇ ದೋಸೆ ಹಾಕಿದ. ಹಂದಿ ಉಗಿದು ಅವನನ್ನು ಕೆಸರಿಗೆ ಎಸೆಯಿತು.

"ಇದೇನು ಸೌದೆಯೋ? ದೋಸೆ ಮೆತ್ತಗೆ ಅಲುಗಾಡಬೇಕು ಕಣಯ್ಯಾ. ಒಳಗೆ ಸೊಪ್ಪು, ಮೇಲೆ ಕೆಂಪು ಸಿಹಿಗೊಜ್ಜು!"

ಬೂನ್ ಮುಖ ಒರೆಸಿಕೊಂಡು, ಹೇಳಿದ ಹಾಗೆ ಮಾಡಿಕೊಟ್ಟು ಹಿಟ್ಟು ತೆಗೆದುಕೊಂಡ.

ತೆಂಕಣ ಬಂದರಿನಲ್ಲಿ ಮೊಟ್ಟೆ ಕಾಯುತ್ತಿದ್ದದ್ದು ಮುದಿ ಬಾತುಕೋಳಿ. ಈ ಸಲ ಅವನು ಕಾವಲಿ ಇಳಿಸುವ ಮೊದಲೇ ಬಾಯಿಬಿಟ್ಟ.

"ಅಜ್ಜೀ, ನಿಮಗೆ ಹೇಗೆ ಬೇಕು?"

"ಕೇಳಿದವನು ನೀನೇ ಮೊದಲು, ಮಗಾ. ಇಲ್ಲಿ ಹುಳಿಖಾರದ ಚಟ್ನಿ ಇಲ್ಲದಿದ್ದರೆ ಗಂಟಲಿಗೆ ಇಳಿಯುವುದಿಲ್ಲ."

ಮೊಟ್ಟೆಯೂ ಸಿಕ್ಕಿತು. ಬೂನ್ ಕರಿಬಂಡೆ ಹತ್ತಿದ.

"ಒಡೆಯಾ, ತಮ್ಮದು ಯಾವ ಬಂದರು?"

"ಅದನ್ನೂ ನಾನೇ ಹೇಳಬೇಕಾದರೆ ನೀನ್ಯಾತಕ್ಕೋ?"

ಬೂನ್ ಒಲೆ ಹೊತ್ತಿಸಿದ. ಗರಿಗರಿಯದೊಂದು, ಮೆತ್ತಗಿನದೊಂದು ದೋಸೆ ಹುಯ್ದ. ಯಾವುದರ ಮೇಲೂ ಏನೂ ಸುರಿಯಲಿಲ್ಲ. ಪಕ್ಕದಲ್ಲಿ ಮೀನಿನ ರಸ, ಸಿಹಿಗೊಜ್ಜು, ಹುಳಿಖಾರ ಎಂದು ಮೂರು ಬಟ್ಟಲು ಇಟ್ಟು ಎದುರಿಗೆ ಕೂತ. ಗಿರಾಕಿ ಬಾಯಿಬಿಡದಿದ್ದರೆ ಅವನ ಕೈ ನೋಡಬೇಕು.

ಮಾಂತ್ರಿಕನ ಕೈ ಗರಿಗರಿ ಅಂಚು ಮುರಿಯಿತು. ಆಮೇಲೆ ಸಿಹಿಗೊಜ್ಜಿನ ಬಟ್ಟಲಿಗೆ ಹೋಯಿತು.

ಯಾವ ಬಂದರಿನ ಅಡುಗೆಯವರೂ ಕೊಡಲಾರದ ಜೋಡಿ ಅದು. ಕೇಳಿದರೆ ಹೊಡೆದೇಬಿಡುತ್ತಿದ್ದರು. ಬೂನನೂ ಮುಖ ಕಿವಿಚಿದ. ಆದರೂ ಇನ್ನೊಂದು ಗರಿಗರಿ ದೋಸೆ ಹುಯ್ದು, ಮೇಲೆ ಧಾರಾಳವಾಗಿ ಸಿಹಿಗೊಜ್ಜು ಸುರಿದು ಕೊಟ್ಟ.

ಮಾಂತ್ರಿಕ ತಿಂದ. ತಟ್ಟೆ ಬಳಿದ. ಬೆರಳು ನೆಕ್ಕಿದ. ಅವನ ಅಸಲಿ ಅದೇ ಆಗಿತ್ತು. ಆದರೂ ಸೋಲೊಪ್ಪಲು ಮನಸ್ಸಾಗದೆ, "ಇದಲ್ಲ" ಎಂದ.

ಗಡ್ಡದ ಉಪ್ಪೆಲ್ಲ ಝರಝರನೆ ಉದುರಿತು. ಬಂಡೆಯ ಸಿಂಪಿಗಳು ಬಾಯಿಬಿಟ್ಟವು. ಒಂದೊಂದರಿಂದ ಒಬ್ಬೊಬ್ಬರು ಅಡುಗೆಯವರು ಮೈ ಕೊಡವಿಕೊಂಡು ಹೊರಬಂದರು.

"ಯಾವುದು ತಿಂದನೋ?" ಗಿಯೋಕ್ ಮೊದಲು ಕೇಳಿದ್ದು ಅದನ್ನೇ.

"ನಮ್ಮ ದೋಸೆ, ದ್ವೀಪದ ಗೊಜ್ಜು."

"ಥೂ! ನನ್ನ ಕಾವಲಿಯಲ್ಲಿ ಮಾಡಿದ್ಯಾ?"

"ತೊಳೆದು ಕೊಡ್ತೀನಿ, ಅಕ್ಕಾ."

"ನೀನ್ಯಾಕೆ? ಅವನು ತೊಳೀಲಿ."

ಮಾಂತ್ರಿಕ ಕಾವಲಿ ತೊಳೆದ. ಉಳಿದ ಆಯುಷ್ಯವೆಲ್ಲ ಅವಳ ಅಂಗಡಿಯಲ್ಲಿ ಅದೇ ಕೆಲಸ, ಹೊತ್ತುಹೊತ್ತಿಗೆ ಅವನಿಗೆ ಬೇಕಾದ ಜೋಡಿಯ ಊಟ. ಅಂದಿನಿಂದ ಮೂರೂ ಬಂದರುಗಳಲ್ಲಿ ದೋಸೆಯ ಮೇಲೆ ಏನನ್ನೂ ಸುರಿಯುವುದಿಲ್ಲ, ಮೂರು ಬಟ್ಟಲು ಇಡುತ್ತಾರೆ. ರಾಜ್ಯದವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಅಸಲಿ ಯಾವುದೆಂಬ ಜಗಳ ಮಾತ್ರ ನಿಲ್ಲಲಿಲ್ಲ. ನಿಂತಿದ್ದರೆ ಮೂರರಲ್ಲಿ ಎರಡು ಬಂದರಿನವರು ಒಲೆ ಆರಿಸಬೇಕಾಗುತ್ತಿತ್ತು.